ಗಿರಣಿಯವರ ಮಗ ಬರೆದ ಹೊಳೆ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಸುಮಾರು ಆರಡಿ ಅಗಲದ ಒಂದು ತೈಲವರ್ಣ ಚಿತ್ರವಿದೆ. ಆಳವಿಲ್ಲದ ನೀರಿನ ನಡುವೆ ಖಾಲಿ ಬಂಡಿ, ಅದಕ್ಕೆ ಹೂಡಿದ ಕುದುರೆಗಳು, ಎಡಕ್ಕೆ ಹೆಂಚಿನ ಮನೆ, ದಡದಲ್ಲಿ ನಿಂತು ಬಂಡಿಯನ್ನೇ ನೋಡುತ್ತಿರುವ ನಾಯಿ, ಬಲಕ್ಕೆ ಬಿಸಿಲು ಬಿದ್ದ ಹುಲ್ಲುಗಾವಲು, ಮೇಲೆ ಮೋಡಗಳ ರಾಶಿ. ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ಬರೆದು ಮುಗಿಸಿದ ಇದನ್ನು ಜಗತ್ತು ‘ದಿ ಹೇ ವೇನ್’, ಎಂದರೆ ಹುಲ್ಲಿನ ಬಂಡಿ ಎಂದು ಕರೆಯುತ್ತದೆ. ಅವನು ಇಟ್ಟ ಹೆಸರು ‘ಭೂದೃಶ್ಯ: ನಡುಹಗಲು’. ಇಂಗ್ಲೆಂಡಿನಲ್ಲಿ ಈ ಚಿತ್ರ ಕ್ಯಾಲೆಂಡರ್, ತಟ್ಟೆ, ಬಿಸ್ಕತ್ತಿನ ಡಬ್ಬಿಗಳ ಮೇಲೆಲ್ಲ ಅಚ್ಚಾಗಿದೆ. ಅಷ್ಟು ಪರಿಚಿತವಾದದ್ದನ್ನು ಕಣ್ಣು ನಿಲ್ಲಿಸಿ ನೋಡುವವರು ಕಡಿಮೆ. ಹಳ್ಳಿಯ ನೆಮ್ಮದಿ ಎಂದು ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತಾರೆ.

ನಿಂತು ನೋಡಿದರೆ ಅಲ್ಲಿ ಕೆಲಸ ನಡೆಯುತ್ತಿರುವುದು ಕಾಣುತ್ತದೆ. ದೂರದ ಗಾವಲಿನಲ್ಲಿ ಹುಲ್ಲು ಕೊಯ್ಯುವವರು ಚುಕ್ಕೆಗಳಷ್ಟು ಸಣ್ಣದಾಗಿ ಇದ್ದಾರೆ. ಇನ್ನೊಂದು ಬಂಡಿಗೆ ಹುಲ್ಲು ಹೇರುತ್ತಿದ್ದಾರೆ. ನೀರಿಗಿಳಿದ ಬಂಡಿ ಹೊರೆ ಇಳಿಸಿ ಮತ್ತೆ ಅದೇ ಗಾವಲಿಗೆ ಹೊರಟಿದೆ. ಬೇಸಗೆಯಲ್ಲಿ ಮರದ ಗಾಲಿ ಒಣಗಿ ಕುಗ್ಗಿದರೆ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ, ಅದಕ್ಕೇ ಬಂಡಿಯನ್ನು ನೀರಿಗೆ ಇಳಿಸಿ ಗಾಲಿ ನೆನೆಸುತ್ತಿದ್ದರು ಎನ್ನುತ್ತಾರೆ. ಕುದುರೆಗಳ ಕಾಲಿಗೂ ತಂಪು. ಇನ್ನು ಆ ನೀರು? ಚಿತ್ರಕಾರನ ಅಪ್ಪನ ಗಿರಣಿಯ ಚಕ್ರ ತಿರುಗಿಸಿ ಹೊರಬಂದ ನೀರು ಅದು. ಗಿರಣಿ ಚಿತ್ರದಲ್ಲಿಲ್ಲ, ಏಕೆಂದರೆ ನಾವು ಗಿರಣಿಯ ಬದಿಯಲ್ಲೇ ನಿಂತು ನೋಡುತ್ತಿದ್ದೇವೆ.

ಕಾನ್‌ಸ್ಟೆಬಲ್ ಬಾಲ್ಯದ ಊರನ್ನು ಪ್ರೀತಿಸಿದ ಕಲಾವಿದ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಊರನ್ನು ಪ್ರೀತಿಸಿದವರು ಬೇಕಾದಷ್ಟು ಜನ ಇದ್ದಾರೆ. ಅವನ ಪ್ರೀತಿ ಅಷ್ಟು ದೊಡ್ಡ ಚಿತ್ರಕಲೆಯಾದದ್ದಕ್ಕೆ ನನಗೆ ಕಾಣುವ ಕಾರಣಗಳು ಎರಡು. ಆ ಜಾಗ ಹೇಗೆ ನಡೆಯುತ್ತದೆ ಎಂಬುದು ಅವನಿಗೆ ಕೆಲಸಗಾರನಾಗಿ ಗೊತ್ತಿತ್ತು. ಮತ್ತು ಅದನ್ನು ದೊಡ್ಡದಾಗಿ ಬರೆಯಲು ಕೂತಾಗ ಅವನು ಅಲ್ಲಿ ಇರಲಿಲ್ಲ.

ಇಂಗ್ಲೆಂಡಿನ ಪೂರ್ವದಲ್ಲಿ ಸಫೋಕ್ ಮತ್ತು ಎಸೆಕ್ಸ್ ಸೀಮೆಗಳ ನಡುವೆ ಗಡಿಯಾಗಿ ಸ್ಟೌರ್ ಹೊಳೆ ಹರಿಯುತ್ತದೆ. ದೊಡ್ಡ ಹೊಳೆಯೇನಲ್ಲ. ಅದರ ಉತ್ತರಕ್ಕೆ, ಏರಿನ ಮೇಲೆ ಈಸ್ಟ್ ಬರ್ಗೋಲ್ಟ್ ಎಂಬ ಊರು. ಕಾನ್‌ಸ್ಟೆಬಲ್ ಹುಟ್ಟಿದ್ದು ಅಲ್ಲಿ, 1776ರ ಜೂನ್ 11ರಂದು. ಅಪ್ಪ ಗೋಲ್ಡಿಂಗ್ ಕಾನ್‌ಸ್ಟೆಬಲ್ ಸ್ಥಿತಿವಂತ ಧಾನ್ಯದ ವ್ಯಾಪಾರಿ. ಫ್ಲಾಟ್‌ಫರ್ಡ್‌ನಲ್ಲೊಂದು, ಡೆಡಮ್‌ನಲ್ಲೊಂದು ನೀರಿನ ಗಿರಣಿ, ಊರ ಬಯಲಿನಲ್ಲಿ ಗಾಳಿ ಗಿರಣಿ, ಸರಕಿನ ದೋಣಿಗಳು, ಆ ದೋಣಿಗಳನ್ನು ಕಟ್ಟುವುದಕ್ಕೆ ಹೊಳೆಯ ಪಕ್ಕದಲ್ಲೇ ಜಾಗ. ಹಿಟ್ಟು ದೋಣಿಯಲ್ಲಿ ಮಿಸ್ಟ್ಲಿ ಬಂದರಿಗೆ ಹೋಗಿ, ಅಲ್ಲಿಂದ ಮನೆಯವರದೇ ‘ಟೆಲಿಗ್ರಾಫ್’ ಎಂಬ ಹಡಗಿನಲ್ಲಿ ಲಂಡನ್ ಸೇರುತ್ತಿತ್ತು.

ಹಿರಿಯ ಮಗ ವ್ಯವಹಾರ ನೋಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಎರಡನೆಯವನಾದ ಜಾನ್ ಶಾಲೆ ಮುಗಿಸಿ ಗಿರಣಿಗೆ ಬಂದ. ಗಾಳಿ ಗಿರಣಿಯಲ್ಲಿ ಕೆಲಸ ಮಾಡುವವನಿಗೆ ಆಕಾಶ ನೋಡುವುದು ಹವ್ಯಾಸವಲ್ಲ. ಯಾವ ಮೋಡದ ಹಿಂದೆ ಎಷ್ಟು ಗಾಳಿ ಬರುತ್ತದೆ, ಯಾವಾಗ ರೆಕ್ಕೆಯ ಬಟ್ಟೆ ಸುತ್ತಬೇಕು ಎಂಬುದು ತಪ್ಪಿದರೆ ಗಿರಣಿಗೇ ಪೆಟ್ಟು. ಆ ಗಿರಣಿಯ ಒಂದು ಮರದ ತೊಲೆಯ ಮೇಲೆ ಹುಡುಗ ಗಿರಣಿಯದೇ ರೇಖಾಚಿತ್ರವನ್ನು ಚಾಕುವಿನಿಂದ ಕೊರೆದು, ಹೆಸರು ಹಾಕಿ, 1792 ಎಂದು ಇಸವಿ ಕೆತ್ತಿದ್ದ. ತಮ್ಮ ಏಬ್ರಮ್ ಮುಂದೆ ಗಿರಣಿಗಳನ್ನು ವಹಿಸಿಕೊಂಡ. ಅಣ್ಣನ ಚಿತ್ರಗಳ ಬಗ್ಗೆ ಅವನು ಹೇಳಿದ ಒಂದು ಮಾತು ಉಳಿದುಬಂದಿದೆ: ಜಾನ್ ಬರೆದ ಗಿರಣಿ ತಿರುಗುತ್ತದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ, ಬೇರೆಯವರು ಬರೆದ ಗಿರಣಿಗಳ ಬಗ್ಗೆ ಹಾಗೆ ಹೇಳಲಾಗದು. ಇಷ್ಟು ನಿಖರವಾದ ವಿಮರ್ಶೆ ಅವನಿಗೆ ಬದುಕಿದ್ದಾಗ ಪತ್ರಿಕೆಗಳಿಂದಲೂ ಸಿಕ್ಕಿದ್ದು ಅಪರೂಪ.

ಗಿರಣಿ ಕೆಲಸದ ನಡುವೆ ಪಕ್ಕದ ಮನೆಯ ಜಾನ್ ಡನ್‌ಥಾರ್ನ್ ಜತೆ ಬಯಲಿಗೆ ಹೋಗಿ ಚಿತ್ರ ಬರೆಯುವ ಅಭ್ಯಾಸ ಹತ್ತಿತ್ತು. ಡನ್‌ಥಾರ್ನ್ ಕೊಳಾಯಿ ಮತ್ತು ಕಿಟಕಿ ಗಾಜಿನ ಕೆಲಸದವನು. 1799ರಲ್ಲಿ ಅಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿ, ಜಾನ್ ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆ ಸೇರಿದ. 1802ರಲ್ಲಿ ಸೈನಿಕ ಕಾಲೇಜಿನಲ್ಲಿ ಚಿತ್ರಕಲಾ ಮೇಷ್ಟರ ಕೆಲಸ ಸಿಗುವುದಿತ್ತು. ಬೇಡವೆಂದ. ಅದೇ ಮೇ ತಿಂಗಳಲ್ಲಿ ಡನ್‌ಥಾರ್ನ್‌ಗೆ ಪತ್ರ ಬರೆದು, ಎರಡು ವರ್ಷ ಬೇರೆಯವರ ಚಿತ್ರಗಳ ಹಿಂದೆ ಓಡಿ ಸತ್ಯವನ್ನು ಎರಡನೆಯ ಕೈಯಿಂದ ಪಡೆಯಲು ನೋಡಿದೆ, ಇನ್ನು ಬರ್ಗೋಲ್ಟ್‌ಗೇ ಬಂದು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ ಎಂದ. ವಯಸ್ಸು ಇಪ್ಪತ್ತೈದು. ಆಗಿನ ಭೂದೃಶ್ಯ ಚಿತ್ರಕಾರರು ಬೆಟ್ಟ, ಜಲಪಾತ, ಪಾಳುಬಿದ್ದ ಕೋಟೆ ಹುಡುಕಿಕೊಂಡು ಹೋಗುತ್ತಿದ್ದ ಕಾಲ. ಅವನಿಗಿಂತ ಒಂದು ವರ್ಷ ದೊಡ್ಡವನಾದ ಟರ್ನರ್ ಆಲ್ಪ್ಸ್ ಹತ್ತಿ ಬಂದ. ಕಾನ್‌ಸ್ಟೆಬಲ್ 1806ರಲ್ಲಿ ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳಿಗೆ ಹೋಗಿ ಚೆನ್ನಾಗಿಯೇ ಬರೆದ. ಆದರೆ ಜನವಸತಿಯಿಲ್ಲದ ಆ ಬೆಟ್ಟಗಳ ಏಕಾಂತ ತನ್ನ ಮನಸ್ಸನ್ನು ಕುಗ್ಗಿಸುತ್ತದೆ ಎಂದು ಗೆಳೆಯರಿಗೆ ಹೇಳುತ್ತಿದ್ದ. ಅವನು ಇಂಗ್ಲೆಂಡ್ ಬಿಟ್ಟು ಹೊರಗೆ ಹೋಗಲೇ ಇಲ್ಲ.

ಮುಂದಿನ ಹತ್ತು ಹನ್ನೆರಡು ವರ್ಷ ಚಳಿಗಾಲಕ್ಕೆ ಲಂಡನ್, ಬೇಸಗೆಗೆ ಊರು. 1813 ಮತ್ತು 1814ರ ಅವನ ಜೇಬಿನ ಸ್ಕೆಚ್ ಪುಸ್ತಕಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಅಂಗೈಯಷ್ಟು ಪುಟದಲ್ಲಿ ನೇಗಿಲು, ಲಂಗರು, ದೋಣಿಯ ಚುಕ್ಕಾಣಿ, ಮಲಗಿದ ಹಸು, ಗೊಬ್ಬರದ ರಾಶಿ ಎಲ್ಲವೂ ಪೆನ್ಸಿಲ್ಲಿನಲ್ಲಿ. ಅದೇ ಮ್ಯೂಸಿಯಂನಲ್ಲಿ 1815ರ ‘ಫ್ಲಾಟ್‌ಫರ್ಡ್ ಗಿರಣಿಯ ಬಳಿ ದೋಣಿ ಕಟ್ಟುವುದು’ ಎಂಬ ಚಿತ್ರವಿದೆ. ಬಹುಮಟ್ಟಿಗೆ ಬಯಲಲ್ಲೇ ಕೂತು ಬರೆದದ್ದು. ಅಪ್ಪನ ದೋಣಿಯೊಂದು ಅರ್ಧ ಕಟ್ಟಿ ನಿಂತಿದೆ. ಬಡಗಿ ಕೆಲಸದಲ್ಲಿದ್ದಾನೆ, ಸುತ್ತ ನೆಲದ ಮೇಲೆ ಉಪಕರಣಗಳು, ಹಲಗೆಯ ಸಂದಿಗೆ ಬಳಿಯುವ ರಾಳ ಕಾಯುತ್ತಿರುವ ಪಾತ್ರೆ, ಅದರ ಮೇಲೆ ಬಿಸಿಗೆ ನಡುಗುವ ಗಾಳಿ. ಕಟ್ಟುವವರ ಪಕ್ಕ ದಿನವೆಲ್ಲ ಕೂತಿದ್ದವನಿಗೆ ಮಾತ್ರ ಈ ಬಗೆಯ ವಿವರ ಸಿಗುತ್ತದೆ.

ಅದೇ 1815ರ ಬೇಸಗೆಯಲ್ಲಿ ಅವನು ಮನೆಯ ಮೇಲಿನ ಕಿಟಕಿಯಿಂದ ಎರಡು ಸಣ್ಣ ಚಿತ್ರ ಬರೆದ. ಒಂದರಲ್ಲಿ ಅಪ್ಪನ ಹೂದೋಟ, ಇನ್ನೊಂದರಲ್ಲಿ ತರಕಾರಿ ಹಿತ್ತಿಲು. ಇಪ್ಸ್‌ವಿಚ್ ನಗರದ ಕ್ರೈಸ್ಟ್‌ಚರ್ಚ್ ಮ್ಯಾನ್ಶನ್‌ನಲ್ಲಿ ಇವು ಜತೆಯಾಗಿ ತೂಗುತ್ತವೆ. ಒಂದೊಂದೂ ಒಂದೂವರೆ ಅಡಿ ಅಗಲ ಇದ್ದೀತು. ನನ್ನ ಲೆಕ್ಕದಲ್ಲಿ ಅವನ ಅತ್ಯಂತ ಆಪ್ತ ಚಿತ್ರಗಳು ಇವೇ. ಪಾತಿ, ಬೇಲಿ, ಕೊಟ್ಟಿಗೆ, ಆಚೆಗೆ ಹೊಲ, ದೂರದಲ್ಲಿ ಅವನು ದುಡಿದ ಗಾಳಿ ಗಿರಣಿ, ಮರಗಳ ನಡುವೆ ಪಾದ್ರಿಯ ಮನೆ. ಆ ಪಾದ್ರಿ ಡಾಕ್ಟರ್ ರಡ್, ಕಾನ್‌ಸ್ಟೆಬಲ್ ಮದುವೆಯಾಗಲು ಬಯಸಿದ್ದ ಮರಿಯಾ ಬಿಕ್ನೆಲ್ಲಳ ಅಜ್ಜ. ಸಂಪಾದನೆಯಿಲ್ಲದ ಚಿತ್ರಕಾರನಿಗೆ ಮೊಮ್ಮಗಳನ್ನು ಕೊಡಲು ಅವರು ಸುತರಾಂ ಒಪ್ಪದೆ ವರ್ಷಗಳೇ ಕಳೆದಿದ್ದವು. ಚಿತ್ರ ಬರೆಯುವ ಕೆಲವೇ ತಿಂಗಳ ಹಿಂದೆ ಅಮ್ಮ ತೀರಿಕೊಂಡಿದ್ದಳು. ಕಿಟಕಿಯಲ್ಲಿ ಕೂತವನ ಇಡೀ ಬದುಕೇ ಆ ಒಂದೂವರೆ ಅಡಿಯೊಳಗೆ ಹರಡಿಕೊಂಡಿದೆ. ಆದರೂ ಎಲೆಕೋಸಿನ ಪಾತಿಗೆ ಕೊಟ್ಟಷ್ಟೇ ಗಮನ ಪಾದ್ರಿಯ ಮನೆಗೆ, ಅದಕ್ಕಿಂತ ಹೆಚ್ಚಿಲ್ಲ. ಈ ಎರಡನ್ನೂ ಅವನು ಪ್ರದರ್ಶನಕ್ಕೆ ಕಳಿಸಲಿಲ್ಲ, ಮಾರಲೂ ಇಲ್ಲ.

ಮರುವರ್ಷ ಮೇ ತಿಂಗಳಲ್ಲಿ ಅಪ್ಪನೂ ತೀರಿಕೊಂಡ. ಪಾಲಿಗೆ ಬಂದ ಹಣದಿಂದ ಕೈ ಸ್ವಲ್ಪ ಗಟ್ಟಿಯಾಗಿ, 1816ರ ಅಕ್ಟೋಬರ್ 2ರಂದು ಮರಿಯಾಳನ್ನು ಮದುವೆಯಾದ. ಸಂಸಾರ ಲಂಡನ್ನಿನಲ್ಲಿ. 1817ರ ಬೇಸಗೆ ಊರಿನಲ್ಲಿ ಕಳೆದ ಕೊನೆಯ ದೀರ್ಘ ಕಾಲ. ಅದಾಗಿ ಒಂದೆರಡು ವರ್ಷದಲ್ಲಿ ಹುಟ್ಟಿದ ಮನೆಯೂ ಮಾರಾಟವಾಯಿತು.

ಆಮೇಲೆ ದೊಡ್ಡ ಚಿತ್ರಗಳು ಶುರುವಾದವು. ಕಾನ್‌ಸ್ಟೆಬಲ್ ಹೆಸರು ಉಳಿಸಿದ ಆರಡಿ ಕ್ಯಾನ್ವಾಸುಗಳಲ್ಲಿ ಸ್ಟೌರ್ ಹೊಳೆಯವು ಆರು: 1819ರಲ್ಲಿ ‘ಬಿಳಿ ಕುದುರೆ’, 1820ರಲ್ಲಿ ‘ಸ್ಟ್ರಾಟ್‌ಫರ್ಡ್ ಗಿರಣಿ’, 1821ರಲ್ಲಿ ‘ಹುಲ್ಲಿನ ಬಂಡಿ’, ಮರುವರ್ಷ ಡೆಡಮ್ ಹತ್ತಿರದ ಹೊಳೆಯ ನೋಟ, 1824ರಲ್ಲಿ ‘ಲಾಕ್’, 1825ರಲ್ಲಿ ‘ಹಾರುವ ಕುದುರೆ’. ಎಲ್ಲವೂ ಲಂಡನ್ನಿನ ಬಾಡಿಗೆ ಮನೆಗಳ ಕೋಣೆಗಳಲ್ಲಿ ಆದವು. ಊರಿನಲ್ಲಿ ಇದ್ದಷ್ಟು ಕಾಲ ಅವನ ಚಿತ್ರಗಳು ಸಣ್ಣವು. ಮನೆ, ಅಪ್ಪ, ಅಮ್ಮ ಮೂರೂ ಇಲ್ಲವಾದ ಮೇಲೆ ಹೊಳೆ ಆರಡಿಯಾಯಿತು. ದೊಡ್ಡ ಕ್ಯಾನ್ವಾಸಿಲ್ಲದೆ ಅಕಾಡೆಮಿಯ ಗೋಡೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ವ್ಯವಹಾರದ ಕಾರಣವೂ ಇತ್ತು, ನಿಜ. ಆದರೆ ಗಮನ ಸೆಳೆಯಲು ಯುದ್ಧವನ್ನೋ ಪುರಾಣವನ್ನೋ ಬರೆಯಬಹುದಿತ್ತು. ಅವನು ಅಪ್ಪನ ಗಿರಣಿಯ ಸುತ್ತಲಿನ ಎರಡು ಮೂರು ಮೈಲಿ ನೆಲವನ್ನೇ ಹಿಡಿದು ಕೂತ.

ಇಲ್ಲಿ ನೆನಪೊಂದೇ ಸಾಕಾಗಲಿಲ್ಲ. ಸ್ಕೆಚ್ ಪುಸ್ತಕ ತೆಗೆಯುತ್ತಿದ್ದ, ಹಳೆಯ ತೈಲ ಸ್ಕೆಚ್ಚುಗಳನ್ನು ಮುಂದಿಟ್ಟುಕೊಳ್ಳುತ್ತಿದ್ದ. ಅದೂ ಸಾಲದಾದಾಗ ಚಿತ್ರದಷ್ಟೇ ದೊಡ್ಡ ಕ್ಯಾನ್ವಾಸಿನ ಮೇಲೆ ಮೊದಲು ಒಂದು ಪೂರ್ಣ ಗಾತ್ರದ ಕರಡು ಬರೆಯುತ್ತಿದ್ದ. ಯಾರಿಗೂ ತೋರಿಸಲಿಕ್ಕಲ್ಲದ ಕರಡಿಗೆ ಆರಡಿ ಕ್ಯಾನ್ವಾಸು, ಅಷ್ಟು ಬಣ್ಣ. ‘ಹುಲ್ಲಿನ ಬಂಡಿ’ ಬರೆಯುವಾಗ ಬಂಡಿಯ ರಚನೆಯೇ ಕೈಗೆ ಹತ್ತಲಿಲ್ಲ. ಊರಿಗೆ ಪತ್ರ ಹೋಯಿತು. ಡನ್‌ಥಾರ್ನ್‌ನ ಮಗ ಜಾನಿ 1821ರ ಫೆಬ್ರುವರಿ ಚಳಿಯಲ್ಲಿ ಬಂಡಿಯ ಮುಂದೆ ನಿಂತು ನಕ್ಷೆ ಬರೆದುಕೊಟ್ಟ. ಹುಡುಗನಿಗೆ ಬಹಳ ಚಳಿಯ ಕೆಲಸವಾಯಿತು ಎಂದು ಏಬ್ರಮ್ ಅದರ ಜತೆಗೆ ಬರೆದ. ನಡುಬೇಸಗೆಯ ನಡುಹಗಲಿನ ಆ ಬಂಡಿ ಹೀಗೆ ಅಂಚೆಯಲ್ಲಿ ಲಂಡನ್ನಿಗೆ ಬಂತು. ಬಂಡಿ ಹೇಗೋ ಇರಲಿ ಎಂದು ಅಂದಾಜಿನ ಮೇಲೆ ಬರೆದಿದ್ದರೆ ಲಂಡನ್ನಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊರಿನಲ್ಲಿ ಗೊತ್ತಾಗುತ್ತಿತ್ತು.

ಹೊಳೆಯ ದೋಣಿ ಸಾಗಾಟ ತಿಳಿಯದವರಿಗೆ ‘ಹಾರುವ ಕುದುರೆ’ ವಿಚಿತ್ರವಾಗಿ ಕಾಣುತ್ತದೆ. ಸವಾರನನ್ನು ಹೊತ್ತ ಕುದುರೆ ದಡದಲ್ಲಿ ಒಂದು ಮರದ ಅಡ್ಡಗಟ್ಟೆಯ ಮೇಲಿಂದ ಎಗರುತ್ತಿದೆ, ಯುದ್ಧದ ಚಿತ್ರವೇನೋ ಎಂಬಂತೆ. ಸಂಗತಿ ಸರಳ. ದೋಣಿಗಳನ್ನು ದಡದ ದಾರಿಯಲ್ಲಿ ನಡೆಯುವ ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದವು. ದಾರಿ ಬೇರೆ ಬೇರೆಯವರ ಜಮೀನಿನ ಮೇಲೆ ಹಾದುಹೋಗುತ್ತಿತ್ತು. ದನಗಳು ಒಬ್ಬರ ಗಾವಲಿನಿಂದ ಇನ್ನೊಬ್ಬರದಕ್ಕೆ ನುಗ್ಗದಿರಲೆಂದು ಅಲ್ಲಲ್ಲಿ ಮೂರಡಿ ಎತ್ತರದ ತಡೆ, ಗೇಟಿಲ್ಲ. ದೋಣಿಯ ಕುದುರೆಗೆ ಅದನ್ನು ಹಾರುವುದನ್ನು ಕಲಿಸಿದ್ದರು. ಇನ್ನು ಕೆಲವೆಡೆ ದಾರಿ ಈ ದಡದಲ್ಲಿ ಮುಗಿದು ಆ ದಡದಲ್ಲಿ ಮುಂದುವರಿಯುತ್ತಿತ್ತು. ಆಗ ಕುದುರೆಯನ್ನೇ ದೋಣಿಗೆ ಹತ್ತಿಸಿ ದಾಟಿಸಬೇಕು. ‘ಬಿಳಿ ಕುದುರೆ’ಯಲ್ಲಿ ನಡೆಯುತ್ತಿರುವುದು ಅದು. ದಿನಕ್ಕೆ ಹಲವು ಸಲ ನಡೆಯುವ, ದೋಣಿಯವರಿಗೆ ಬೇಸರ ಹಿಡಿಸುವ ಕೆಲಸವನ್ನು ಅವನು ಪುರಾಣ ಚಿತ್ರಗಳಿಗೆ ಮೀಸಲಾಗಿದ್ದ ಗಾತ್ರದಲ್ಲಿ ಬರೆದ. ಆ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ.

1821ರ ಅಕ್ಟೋಬರಿನಲ್ಲಿ ಗೆಳೆಯ ಜಾನ್ ಫಿಶರ್‌ಗೆ ಬರೆದ ಪತ್ರದಲ್ಲಿ ಅವನು ತನಗೆ ಇಷ್ಟವಾದವುಗಳ ಪಟ್ಟಿ ಕೊಡುತ್ತಾನೆ: ಗಿರಣಿಯ ಕಟ್ಟೆಯಿಂದ ನೀರು ತಪ್ಪಿಸಿಕೊಂಡು ಬೀಳುವ ಸದ್ದು, ಕೊಳೆತ ಹಲಗೆ, ಪಾಚಿಗಟ್ಟಿ ಜಾರುವ ಕಂಬ, ಇಟ್ಟಿಗೆ ಗೋಡೆ. ತನ್ನನ್ನು ಚಿತ್ರಕಾರನನ್ನಾಗಿ ಮಾಡಿದ್ದು ಇವೇ ಎನ್ನುತ್ತಾನೆ. ಪಟ್ಟಿಯಲ್ಲಿ ಸೂರ್ಯಾಸ್ತವಿಲ್ಲ, ಹೂವಿಲ್ಲ. ಇರುವುದು ಬಹುಮಟ್ಟಿಗೆ ನೀರು ದಿನವೂ ಮುಟ್ಟಿ ಸವೆಸಿದ ವಸ್ತುಗಳು, ಅಪ್ಪನ ಆಳುಗಳು ರಿಪೇರಿ ಮಾಡಬೇಕಾಗಿದ್ದ ವಸ್ತುಗಳು. ಅದೇ ಪತ್ರದಲ್ಲಿ ಆಕಾಶದ ಬಗ್ಗೆಯೂ ವಾದ ಮಾಡಿದ್ದಾನೆ. ಆಕಾಶ ಚಿತ್ರದ ಹಿನ್ನೆಲೆಯ ಪರದೆಯಲ್ಲ, ಇಡೀ ಚಿತ್ರದ ಭಾವಕ್ಕೆ ಅದೇ ಮುಖ್ಯ ಎಂದು. 1821 ಮತ್ತು 22ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಕೂತು ಬರೀ ಮೋಡಗಳನ್ನೇ ಹತ್ತಾರು ಸಲ ಬರೆದ. ಹಲವುಗಳ ಹಿಂದೆ ತಾರೀಖು, ಹೊತ್ತು, ಗಾಳಿಯ ದಿಕ್ಕು ಗುರುತು ಹಾಕಿದ್ದಾನೆ. ಗಾಳಿ ಗಿರಣಿಯಲ್ಲಿ ಕಲಿತ ಲೆಕ್ಕ ಮೂವತ್ತು ವರ್ಷದ ನಂತರ ಅಲ್ಲಿ ಕೆಲಸಕ್ಕೆ ಬಂತು.

ಈ ಚಿತ್ರಗಳ ಮೇಲೆ ಒಂದು ಆಕ್ಷೇಪ ಇದೆ, ಅದನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಅವನು ‘ಹುಲ್ಲಿನ ಬಂಡಿ’ಯನ್ನು ಬರೆದ ಕಾಲದಲ್ಲಿ ಸಫೋಕ್‌ನ ಕೂಲಿಗಳು ಹಸಿದಿದ್ದರು. ನೆಪೋಲಿಯನ್ ಯುದ್ಧ ಮುಗಿದು ಧಾನ್ಯದ ಬೆಲೆ ಕುಸಿದಿತ್ತು, ಸೈನ್ಯದಿಂದ ಮರಳಿದವರಿಗೆ ಕೆಲಸವಿರಲಿಲ್ಲ, ಇದ್ದವರ ಕೂಲಿ ಇಳಿದಿತ್ತು. ರೊಚ್ಚಿಗೆದ್ದವರು ಬಣವೆಗಳಿಗೆ ಬೆಂಕಿ ಇಡುತ್ತಿದ್ದರು. ಹತ್ತಿರದಲ್ಲೋ ದೂರದಲ್ಲೋ ಬೆಂಕಿ ಕಾಣದ ರಾತ್ರಿಯೇ ಇಲ್ಲ ಎಂದು ತಮ್ಮ ತಿಳಿಸಿದ್ದನ್ನು 1822ರಲ್ಲಿ ಕಾನ್‌ಸ್ಟೆಬಲ್ ತಾನೇ ಫಿಶರ್‌ಗೆ ಬರೆದಿದ್ದಾನೆ. ಆ ಬೆಂಕಿಯ ಒಂದು ಕಿಡಿಯೂ ಚಿತ್ರಗಳಲ್ಲಿ ಇಲ್ಲ. ಜಾನ್ ಬ್ಯಾರೆಲ್ ಎಂಬ ವಿಮರ್ಶಕ 1980ರ ಪುಸ್ತಕದಲ್ಲಿ ಇದನ್ನು ಕಟುವಾಗಿಯೇ ಕೇಳಿದರು. ದುಡಿಯುವವರು ಮುಖ ಕಾಣದಷ್ಟು ದೂರದಲ್ಲಿ, ಸಣ್ಣದಾಗಿ, ನೆಲದ ಬಣ್ಣದಲ್ಲೇ ಬೆರೆತುಹೋಗಿದ್ದಾರೆ. ಹಾಗಿಟ್ಟರೆ ಅವರ ಹಸಿವೂ ಕಾಣುವುದಿಲ್ಲ.

ಈ ಮಾತು ನನಗೆ ನಿಜ ಎನ್ನಿಸುತ್ತದೆ. ಕಾನ್‌ಸ್ಟೆಬಲ್ ಮಾಲೀಕನ ಮಗ. ರಾಜಕೀಯ ಸುಧಾರಣೆ ಎಂದರೆ ಹೆದರುತ್ತಿದ್ದವನು. ಕೆಲಸ ಹೇಗೆ ನಡೆಯುತ್ತದೆಂದು ಅವನಿಗೆ ತಿಳಿದಿತ್ತು, ಕೆಲಸಗಾರನ ಮನೆಯಲ್ಲಿ ಒಲೆ ಉರಿಯಿತೇ ಎಂಬುದನ್ನು ಅವನು ಕೇಳಲಿಲ್ಲ. ಬಾಲ್ಯದ ಕಣ್ಣಿನ ಮಿತಿಯೂ ಅದರಲ್ಲಿದೆ. ಧಣಿಯ ಮನೆಯ ಹುಡುಗ ದೋಣಿ ಕಟ್ಟುವವನ ಪಕ್ಕ ಇಡೀ ದಿನ ಕೂರಬಹುದು, ಸಂಜೆ ಅವನ ಹಿಂದೆ ಅವನ ಮನೆಗೆ ಹೋಗುವುದಿಲ್ಲ. ಚಿತ್ರಗಳನ್ನು ಪ್ರೀತಿಸುವಾಗ ಇದನ್ನೂ ಜತೆಗಿಟ್ಟುಕೊಂಡೇ ನೋಡಬೇಕು.

‘ಹುಲ್ಲಿನ ಬಂಡಿ’ 1821ರ ಅಕಾಡೆಮಿ ಪ್ರದರ್ಶನದಲ್ಲಿ ಮಾರಾಟವಾಗಲಿಲ್ಲ. ಮೂರು ವರ್ಷದ ನಂತರ ಪ್ಯಾರಿಸ್ಸಿನ ವ್ಯಾಪಾರಿ ಜಾನ್ ಆರೋಸ್ಮಿತ್ ಇನ್ನೂ ಎರಡು ಚಿತ್ರಗಳ ಜತೆ ಕೊಂಡೊಯ್ದ. 1824ರ ಪ್ಯಾರಿಸ್ ಸಲೋನ್‌ನಲ್ಲಿ ಅದಕ್ಕೆ ದೊರೆ ಹತ್ತನೆಯ ಚಾರ್ಲ್ಸ್‌ನ ಚಿನ್ನದ ಪದಕ ಬಂತು. ಒಂದೇ ಹಸಿರನ್ನು ಬಳಿಯುವ ಬದಲು ಹಲವು ಹಸಿರುಗಳನ್ನು ಒತ್ತೊತ್ತಾಗಿ ಇಟ್ಟು ಮಿಂಚಿಸಿದ ಅವನ ಕೈಚಳಕ ಫ್ರೆಂಚ್ ಚಿತ್ರಕಾರ ಡೆಲಕ್ರಾನನ್ನು ಸೆಳೆಯಿತು. ತನ್ನ ‘ಕಿಯೋಸ್‌ನ ಹತ್ಯಾಕಾಂಡ’ವನ್ನು ಅದನ್ನು ನೋಡಿದ ಮೇಲೆ ಅವನು ತಿದ್ದಿದ ಎಂದು ಹೇಳುತ್ತಾರೆ. ಪದಕ ಬಂದರೂ ಕಾನ್‌ಸ್ಟೆಬಲ್ ಪ್ಯಾರಿಸ್ಸಿಗೆ ಹೋಗಲಿಲ್ಲ. ಎಲೆಗಳ ಮೇಲಿನ ನೀರಿನ ಹೊಳಪಿಗೆ ಅವನು ಇಡುತ್ತಿದ್ದ ಬಿಳಿ ಚುಕ್ಕೆಗಳನ್ನು ಇಂಗ್ಲೆಂಡಿನವರು ಮಾತ್ರ ಹಿಮ ಬಿದ್ದಿದೆ ಎಂದು ಹಂಗಿಸುತ್ತಲೇ ಇದ್ದರು.

1832ರ ನವೆಂಬರಿನಲ್ಲಿ ಅವನು ಸಫೋಕ್‌ನಿಂದ ಕುದುರೆ ಕೋಚಿನಲ್ಲಿ ಲಂಡನ್ನಿಗೆ ಮರಳುತ್ತಿದ್ದ. ಡೆಡಮ್ ಕಣಿವೆ ದಾಟುವಾಗ ಎಷ್ಟು ಚೆನ್ನಾಗಿದೆ ಎಂದ. ಎದುರಿಗೆ ಕೂತಿದ್ದ ಅಪರಿಚಿತರು, ಹೌದು, ಇದು ಕಾನ್‌ಸ್ಟೆಬಲ್ ಅವರ ಸೀಮೆ ಎಂದರು. ಮುಂದೆ ಏನಾದರೂ ಹೇಳಿ ಆ ಮಾತನ್ನು ಕೆಡಿಸಿಯಾರೆಂದು ತಾನು ಯಾರೆಂಬುದನ್ನು ಅವನು ತಕ್ಷಣ ಹೇಳಿಬಿಟ್ಟ. ಆ ಹೆಸರು ಇಂದಿಗೂ ನಡೆಯುತ್ತಿದೆ. ಫ್ಲಾಟ್‌ಫರ್ಡ್‌ನ ಗಿರಣಿ, ಬಂಡಿಯ ಪಕ್ಕದ ವಿಲ್ಲಿ ಲಾಟ್‌ನ ಮನೆ ಈಗ ನ್ಯಾಷನಲ್ ಟ್ರಸ್ಟ್‌ನ ಆರೈಕೆಯಲ್ಲಿವೆ. ಲಂಡನ್ನಿನಲ್ಲಿರುವ ಕನ್ನಡಿಗರು ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಹತ್ತಿ ಮ್ಯಾನಿಂಗ್‌ಟ್ರೀಯಲ್ಲಿ ಇಳಿದರೆ, ಅಲ್ಲಿಂದ ಹೊಳೆಗುಂಟ ನಡೆದೇ ಹೋಗಬಹುದು. ನ್ಯಾಷನಲ್ ಗ್ಯಾಲರಿಯಲ್ಲಿ ಚಿತ್ರ ನೋಡಿದ ವಾರದಲ್ಲೇ ಹೋದರೆ ಒಳ್ಳೆಯದು.

ಆ ಕೋಚ್ ಪ್ರಯಾಣಕ್ಕೆ ನಾಲ್ಕು ವರ್ಷ ಮೊದಲು, 1828ರ ನವೆಂಬರಿನಲ್ಲಿ, ಮರಿಯಾ ಕ್ಷಯದಿಂದ ತೀರಿಕೊಂಡಿದ್ದಳು. ಏಳು ಮಕ್ಕಳು. ಮೂರು ತಿಂಗಳ ನಂತರ ಅಕಾಡೆಮಿ ಅವನನ್ನು ಪೂರ್ಣ ಸದಸ್ಯನನ್ನಾಗಿ ಆರಿಸಿತು, ಅದೂ ಒಂದೇ ಮತದ ಅಂತರದಿಂದ. ವಯಸ್ಸು 52. ಟರ್ನರ್‌ಗೆ ಆ ಗೌರವ 26ಕ್ಕೇ ಬಂದಿತ್ತು. ಸಂತೋಷ ಹಂಚಿಕೊಳ್ಳಲು ಹೆಂಡತಿ ಇರಲಿಲ್ಲ. ಆಮೇಲಿನ ಚಿತ್ರಗಳಲ್ಲಿ ಬಣ್ಣ ಗಡುಸಾಯಿತು, ಚಾಕುವಿನಿಂದ ಒತ್ತಿ ಎಳೆದ ಗುರುತುಗಳು ಹೆಚ್ಚಿದವು. 1835ರ ಒಂದು ಚಿತ್ರದಲ್ಲಿ ಅವನು ಮತ್ತೆ ವಿಲ್ಲಿ ಲಾಟ್‌ನ ಮನೆಗೇ ಹೋದ. ಚಿತ್ರದ ಹೆಸರು ‘ಕಣಿವೆಯ ತೋಟದ ಮನೆ’. ಇಲ್ಲಿ ಮನೆ ನಿಜದಲ್ಲಿ ಇದ್ದುದಕ್ಕಿಂತ ಎತ್ತರ, ಮರಗಳು ದಟ್ಟ, ನೀರು ಕಪ್ಪು. ಬಂಡಿಗೆ ಅಳತೆ ತರಿಸಿದವನು ಈಗ ಮನೆಯ ಅಳತೆಯನ್ನೇ ಬಿಟ್ಟಿದ್ದ. ಕೊಂಡುಕೊಂಡ ರಾಬರ್ಟ್ ವರ್ನನ್, ಇದನ್ನು ಯಾರಿಗಾದರೂ ಎಂದು ಬರೆದದ್ದೇ ಎಂದು ಕೇಳಿದರಂತೆ. ಹೌದು, ಜೀವನವೆಲ್ಲ ಯಾರಿಗಾಗಿ ಬರೆದೆನೋ ಅವರಿಗಾಗಿಯೇ ಎಂದು ಕಾನ್‌ಸ್ಟೆಬಲ್ ಉತ್ತರಿಸಿದ.

ಕಾನ್‌ಸ್ಟೆಬಲ್ 1837ರ ಮಾರ್ಚ್ 31ರ ರಾತ್ರಿ ತೀರಿಕೊಂಡ. ಕೊನೆಯ ದಿನಗಳಲ್ಲಿ ಬರೆಯುತ್ತಿದ್ದ ಚಿತ್ರವನ್ನು ಆ ವರ್ಷದ ಅಕಾಡೆಮಿ ಪ್ರದರ್ಶನದಲ್ಲಿ ತೂಗುಹಾಕಿದರು. ‘ಅರಂಡೆಲ್ ಗಿರಣಿ ಮತ್ತು ಕೋಟೆ’. ಅರಂಡೆಲ್ ಇರುವುದು ಸಸೆಕ್ಸ್‌ನಲ್ಲಿ, ಸ್ಟೌರ್‌ಗೆ ಬಹಳ ದೂರ. ಅಲ್ಲಿನ ದೊಡ್ಡ ಕೋಟೆಯನ್ನು ಅವನು ಹಿಂದಕ್ಕೆ ಸರಿಸಿ, ಗಿರಣಿಯನ್ನು ಮುಂದಕ್ಕೆ ತಂದಿದ್ದಾನೆ.